ಮರಳಿನ ಮೇಲೊಂದು ಹಗ್ಗ

ಪಂಚತಂತ್ರದಲ್ಲಿ ಟಿಟ್ಟಿಭ ದಂಪತಿಯ ಮೊಟ್ಟೆಗಳನ್ನು ಸಮುದ್ರ ಕದ್ದೊಯ್ಯುತ್ತದೆ. ಹಕ್ಕಿಗಳು ಗರುಡನ ಮೊರೆಹೋಗಿ, ದೂರು ವಿಷ್ಣುವಿಗೆ ಮುಟ್ಟಿದ ಮೇಲೆ ಸಮುದ್ರ ಹೆದರಿ ಅವನ್ನು ಹಿಂದಿರುಗಿಸುತ್ತದೆ. ಟಿಟ್ಟಿಭದ ಕುಲಕ್ಕೇ ಸೇರಿದ ಪುಟ್ಟ ಹಕ್ಕಿಯೊಂದು ಅಮೆರಿಕದ ಪಶ್ಚಿಮ ಕರಾವಳಿಯಲ್ಲಿದೆ. ಹೆಸರು ಸ್ನೋವಿ ಪ್ಲೋವರ್. ಅದರ ಗೂಡಿಗೆ ಕುತ್ತು ತಂದವರಲ್ಲಿ ಸಮುದ್ರ ನೋಡಲು ಬಂದವರೂ ಇದ್ದರು.

ಈ ಹಕ್ಕಿ ಬರಿಯ ಮರಳಿನಲ್ಲಿ ಸಣ್ಣ ಗುಳಿ ಕೆದರಿ, ಸಾಮಾನ್ಯವಾಗಿ ಮೂರು ಮೊಟ್ಟೆ ಇಡುತ್ತದೆ. ಅವುಗಳ ಬಣ್ಣವೂ ಮರಳಿನದೇ. ಆಡಲು ಬಂದ ನಾಯಿಯೂ ಅದರ ಕಣ್ಣಿಗೆ ಬೇಟೆಗೆ ಬಂದ ಪ್ರಾಣಿಯೇ. ಹಕ್ಕಿ ಗೂಡು ಬಿಟ್ಟೇಳುತ್ತದೆ. ಮೊಟ್ಟೆಗಳು ಬಿಸಿಲಿನ, ಕಾಗೆಗಳ ಪಾಲಾಗುತ್ತವೆ.

1993ರಲ್ಲಿ ಅಮೆರಿಕ ಸರ್ಕಾರ ಪೆಸಿಫಿಕ್ ಕರಾವಳಿಯ ಈ ಹಕ್ಕಿಗಳಿಗೆ ಕಾನೂನಿನ ರಕ್ಷಣೆ ಕೊಟ್ಟಿತು. ಆದರೆ ಕ್ಯಾಲಿಫೋರ್ನಿಯಾದ ಸಾಂತಾ ಬಾರ್ಬರಾ ಬಳಿಯ ಸ್ಯಾಂಡ್ಸ್ ಬೀಚಿನಲ್ಲಿ ಅವು ಮರಿ ಮಾಡುವುದನ್ನು ಬಿಟ್ಟು ದಶಕಗಳೇ ಆಗಿದ್ದವು. ಚಳಿಗಾಲ ಕಳೆಯಲು ಮಾತ್ರ ಬರುತ್ತಿದ್ದವು. ಅಲ್ಲಿ ಲೆಕ್ಕ ಹಾಕುತ್ತ ಕೂತ ವಿಜ್ಞಾನಿ ಕೆವಿನ್ ಲಾಫರ್ಟಿ 2001ರಲ್ಲಿ ಪ್ರಕಟಿಸಿದ ಅಂಕಿಗಳು ಸರಳವಾಗಿದ್ದವು: ವಾರಾಂತ್ಯದಲ್ಲಿ ಪ್ರತಿ ಹಕ್ಕಿಗೆ ಸರಾಸರಿ 27 ನಿಮಿಷಕ್ಕೊಮ್ಮೆ, ಉಳಿದ ದಿನಗಳಲ್ಲಿ 43 ನಿಮಿಷಕ್ಕೊಮ್ಮೆ ತೊಂದರೆ. ಹಗ್ಗವಿಲ್ಲದೆ ಬಿಟ್ಟ ನಾಯಿಗಳು ತಮ್ಮ ಸಂಖ್ಯೆಗೆ ಮೀರಿದಷ್ಟು ಗಾಬರಿ ಹುಟ್ಟಿಸುತ್ತಿದ್ದವು.

ಅದೇ ವರ್ಷ ಅಲ್ಲೊಂದು ಮರಿ ಕಂಡಿತು. ದಡದ ಮೇಲ್ಭಾಗದ ಒಂದಿಷ್ಟು ಮರಳಿಗೆ ಹಗ್ಗದ ಬೇಲಿ ಹಾಕಲಾಯಿತು. ಸ್ವಯಂಸೇವಕರು ನಿಂತು ಬಂದವರಿಗೆ ಹಕ್ಕಿ ತೋರಿಸಿದರು, ನಾಯಿಗೆ ಹಗ್ಗ ಹಾಕಿರೆಂದು ಕೇಳಿಕೊಂಡರು. ಬೀಚನ್ನು ಮುಚ್ಚಲಿಲ್ಲ; ನಡೆಯುವವರು ನೀರಿನಂಚಿಗೆ ಸರಿದರು, ಅಷ್ಟೆ.

ಲಾಫರ್ಟಿ ಮತ್ತು ಸಂಗಡಿಗರು 2006ರಲ್ಲಿ ಫಲಿತಾಂಶ ಬರೆದರು. ತೊಂದರೆ ಅರ್ಧಕ್ಕಿಂತ ಹೆಚ್ಚು ತಗ್ಗಿತ್ತು. ವರ್ಷದಿಂದ ವರ್ಷಕ್ಕೆ ಗೂಡುಗಳು ಹೆಚ್ಚಿದ್ದವು. ಬೇಲಿಯ ಹೊರಗೆ ಲಾವಕ್ಕಿ ಮೊಟ್ಟೆಗಳನ್ನಿಟ್ಟು ನೋಡಿದಾಗ, ಗೂಡು ತುಳಿತಕ್ಕೆ ಸಿಕ್ಕುವ ಅಪಾಯ ದಿನಕ್ಕೆ ಶೇ. 8. ಸುಮಾರು ನಾಲ್ಕು ವಾರದ ಕಾವು ಮುಗಿಯುವಷ್ಟರಲ್ಲಿ ಹತ್ತರಲ್ಲಿ ಒಂದು ಗೂಡು ಉಳಿಯುವುದೂ ಕಷ್ಟ ಎಂದರ್ಥ.

ಎಲ್ಲ ಕಡೆ ಇಷ್ಟು ಸಲೀಸಾಗಲಿಲ್ಲ. ಅದೇ ರಾಜ್ಯದ ಸ್ಯಾನ್ ಫ್ರಾನ್ಸಿಸ್ಕೋ ಸುತ್ತಲಿನ ದಡಗಳಲ್ಲಿ ನಾಯಿಗಳ ಓಡಾಟಕ್ಕೆ ಹೊಸ ನಿಯಮ ತರಲು ಹೊರಟ ರಾಷ್ಟ್ರೀಯ ಉದ್ಯಾನ ಇಲಾಖೆ ವರ್ಷಗಟ್ಟಲೆ ಹೆಣಗಾಡಿ, 2017ರಲ್ಲಿ ಆ ಯೋಜನೆಯನ್ನೇ ಕೈಬಿಟ್ಟಿತು. ದಡ ಯಾರದು ಎಂಬ ಜಗಳಕ್ಕೆ ಕೊನೆಯಿಲ್ಲ. ಯಾವ ತುಂಡು, ಯಾವ ತಿಂಗಳು, ಎಷ್ಟು ದೂರ ಎಂದು ಕೇಳಿದರೆ ಉತ್ತರ ಸಿಗುತ್ತದೆ. ಒಂದು ನಾಯಿಯ ಒಂದು ಓಟ ಯಾರ ಕಣ್ಣಿಗೂ ದೊಡ್ಡದಲ್ಲ. ಅಂಥ ಓಟಗಳ ಮೊತ್ತವನ್ನು ಯಾರಾದರೂ ಕೂತು ಎಣಿಸಬೇಕಾಗುತ್ತದೆ.