ಈಡಿ ಸೆಜ್‌ವಿಕ್: ಡಬ್ಬಿಯಲ್ಲಿ ಉಳಿದ ನಟನೆ

ಈಡಿ ಸೆಜ್‌ವಿಕ್ ಎಂದೊಡನೆ ನೆನಪಾಗುವುದು ಬೆಳ್ಳಿಬಣ್ಣ ಹಚ್ಚಿದ ಗಿಡ್ಡ ಕೂದಲು, ಕರಿಯ ಕಾಲುಚೀಲ, ಭುಜದವರೆಗೆ ಇಳಿಬಿದ್ದ ಓಲೆ, ಮತ್ತೆ 28ಕ್ಕೇ ಬಂದ ಸಾವು. ಅಮೆರಿಕದ ಕಲಾವಿದ ಆ್ಯಂಡಿ ವಾರ್ಹಾಲ್ ತನ್ನ ಸಿನಿಮಾಗಳಲ್ಲಿ ಈ ಸಿರಿವಂತರ ಮನೆಯ ಹುಡುಗಿಯನ್ನು ಗೊಂಬೆಯಂತೆ ಕುಣಿಸಿ ಕೈಬಿಟ್ಟ ಎಂಬುದು ರೂಢಿಯ ಮಾತು. ಆ ಮಾತು ಹುಟ್ಟಿದ್ದು ಆಕೆಯ ಸಿನಿಮಾಗಳನ್ನು ನೋಡಿ ಅಲ್ಲ. ನೋಡಲು ಅವು ಸಿಗುತ್ತಲೇ ಇರಲಿಲ್ಲ. 1970ರ ದಶಕದ ಆರಂಭದಲ್ಲಿ ವಾರ್ಹಾಲ್ ತನ್ನ ಹಳೆಯ ಚಿತ್ರಗಳ ಪ್ರದರ್ಶನವನ್ನೇ ನಿಲ್ಲಿಸಿದ. ಆಕೆಯನ್ನು ಬಲ್ಲ ಹಲವರನ್ನು ಮಾತಾಡಿಸಿ ಜೀನ್ ಸ್ಟೈನ್ 1982ರಲ್ಲಿ ತಂದ ಪುಸ್ತಕ ಈಡಿಯನ್ನು ಮತ್ತೆ ಮನೆಮಾತಾಗಿಸಿದಾಗಲೂ ರೀಲುಗಳು ಡಬ್ಬಿಯಲ್ಲೇ ಇದ್ದವು. ಹೀಗಾಗಿ ಲೋಕಕ್ಕೆ ದಕ್ಕಿದ್ದು ಆಕೆಯ ಫೋಟೊ ಮತ್ತು ಕಂಡವರ ನೆನಪು. ಆಕೆಯ ಕಸುಬು ದಕ್ಕಲಿಲ್ಲ.

ಕಸುಬು ಎನ್ನುವುದಕ್ಕೇ ತಕರಾರಿದೆ. ಕ್ಯಾಮೆರಾ ಓಡುತ್ತಿತ್ತು, ಆಕೆ ಸುಮ್ಮನೆ ತಾನು ತಾನಾಗಿದ್ದಳು, ಇದರಲ್ಲಿ ನಟನೆ ಎಲ್ಲಿ ಬಂತು ಎನ್ನುತ್ತಾರೆ. ಒಂದೇ ಓಟದ 33 ನಿಮಿಷದ ರೀಲು, ನಡುವೆ ಕತ್ತರಿಯಿಲ್ಲ, ಎರಡನೇ ಟೇಕ್ ಇಲ್ಲ. ಆ ಚೌಕಟ್ಟಿನಲ್ಲಿ ನೋಡುಗರ ಕಣ್ಣನ್ನು ಹಿಡಿದಿಡುವುದು ಸುಮ್ಮನೆ ಇರುವವರಿಗೆ ಒಲಿಯುವ ವಿದ್ಯೆಯಲ್ಲ. 1965ರ ‘ಕಿಚನ್’ನಲ್ಲಿ ರೊನಾಲ್ಡ್ ಟಾವೆಲ್ ಬರೆದ ಸಂಭಾಷಣೆ ಮರೆತಾಗ ಆಕೆ ಸೀನುತ್ತಾಳೆ. ಅದು ಮೊದಲೇ ಮಾತಾಡಿಕೊಂಡ ಸನ್ನೆ. ಮರೆವನ್ನೇ ಪಾತ್ರದ ನೆಗಡಿಯಾಗಿಸುವ ಉಪಾಯ ನಮ್ಮ ನಾಟಕದವರಿಗೂ ಮೆಚ್ಚುಗೆಯಾದೀತು. ಅದೇ ವರ್ಷದ ‘ಔಟರ್ ಆ್ಯಂಡ್ ಇನ್ನರ್ ಸ್ಪೇಸ್’ ಇನ್ನೂ ಕಠಿಣ ಪರೀಕ್ಷೆ. ಮೊದಲು ವಿಡಿಯೊ ಟೇಪಿನಲ್ಲಿ ಹಿಡಿದ ಆಕೆಯ ಮುಖ ಟಿವಿಯಲ್ಲಿ ಓಡುತ್ತಿದೆ. ಅದರ ಮುಂದೆ ಕೂತು ಆಕೆ ಮಾತಾಡಬೇಕು. ಪಕ್ಕಕ್ಕೆ ತಿರುಗಿದ ಆ ದೊಡ್ಡ ಮುಖ ಕಿವಿಯಲ್ಲಿ ಪಿಸುಗುಟ್ಟುವಂತಿದೆ. ತನ್ನದೇ ದನಿ ಕೇಳಿ ಆಕೆ ಅಳುಕುತ್ತಾಳೆ, ಮಾತು ತಪ್ಪುತ್ತಾಳೆ, ಮತ್ತೆ ಹಿಡಿಯುತ್ತಾಳೆ. ಎರಡು ರೀಲುಗಳನ್ನು ಅಕ್ಕಪಕ್ಕ ಓಡಿಸಿದಾಗ ಪರದೆಯ ಮೇಲೆ ನಾಲ್ವರು ಈಡಿಯರು.

ಹಾಗಾದರೆ ಆಕೆಯನ್ನು ಹಾಳುಮಾಡಿದ್ದು ವಾರ್ಹಾಲ್‌ನ ಸ್ಟುಡಿಯೊ ‘ಫ್ಯಾಕ್ಟರಿ’ ಅಲ್ಲವೇ? ಇಸವಿಗಳು ಇದನ್ನು ಪೂರ್ತಿ ಒಪ್ಪುವುದಿಲ್ಲ. 1962ರಲ್ಲೇ ಆಕೆ ಮಾನಸಿಕ ಆಸ್ಪತ್ರೆ ಸೇರಿದ್ದಳು. 1964ರಿಂದ 1965ರ ಜನವರಿಯೊಳಗೆ ಇಬ್ಬರು ಅಣ್ಣಂದಿರು ತೀರಿಕೊಂಡರು. ವಾರ್ಹಾಲ್‌ನೊಡನೆ ಸಿನಿಮಾ ಶುರುವಾದದ್ದು ಅದಾದ ಮೇಲೆ. ಹಾಗೆಂದು ಫ್ಯಾಕ್ಟರಿಗೆ ಸೋಬಾನೆ ಹಾಡಬೇಕಿಲ್ಲ: ಅಮಲಿನ ಮಾತ್ರೆಗಳಿಗೆ ಅಲ್ಲಿ ಅಡ್ಡಿಯಿರಲಿಲ್ಲ, ಹಣದ ವಿಷಯಕ್ಕೆ ಜಗಳವಾಗಿ ಆಕೆ ದೂರವಾದಳು. ದುಡಿಸಿಕೊಂಡರು ಎಂಬ ದೂರು ನಿಜವಾದರೆ, ಆಕೆ ದುಡಿದಳು ಎಂಬುದೂ ನಿಜವಾಗಬೇಕಲ್ಲ! ಗೊಂಬೆಗೆ ಯಾರೂ ಕೂಲಿ ಬಾಕಿ ಉಳಿಸಿಕೊಳ್ಳುವುದಿಲ್ಲ.

‘ಔಟರ್ ಆ್ಯಂಡ್ ಇನ್ನರ್ ಸ್ಪೇಸ್’ಗೆ ವಾರ್ಹಾಲ್ ಬಳಸಿದ ನೊರೆಲ್ಕೊ ವಿಡಿಯೊ ಯಂತ್ರದ ಮಾದರಿ ಬಹುಬೇಗ ಮೂಲೆ ಸೇರಿತು. ಟೇಪುಗಳನ್ನು ಈಗ ಓಡಿಸಲಾಗದು. ಅವುಗಳಲ್ಲಿದ್ದ ಈಡಿ ಉಳಿದಿರುವುದು ಟಿವಿಯ ಮುಂದೆ ಕೂತ ಈಡಿಯ ಬೆನ್ನಹಿಂದೆ, 16 ಎಂಎಂ ಫಿಲ್ಮಿಗೆ ದಕ್ಕಿದಷ್ಟು ಮಾತ್ರ.