ಒಂದನೆಯ ತಾರೀಖಿಗೆ ಕಾಯುತ್ತಾ

ಅಕ್ಟೋಬರ್ ತಿಂಗಳೆಂದರೆ ನಮ್ಮಂಥ ಮೇಷ್ಟ್ರುಗಳಿಗೆ ದಸರಾ ರಜೆ, ತಿದ್ದಿ ಮುಗಿಯದ ಉತ್ತರಪತ್ರಿಕೆಗಳು, ರಾಜ್ಯೋತ್ಸವದ ಭಾಷಣಕ್ಕೆ ಮಕ್ಕಳನ್ನು ಸಿದ್ಧಪಡಿಸುವ ಕೆಲಸ. ಮೂವತ್ತನಾಲ್ಕು ವರ್ಷ ನನ್ನ ಅಕ್ಟೋಬರುಗಳು ಹೀಗೆಯೇ ಸಂದವು. 2010ರ ಅಕ್ಟೋಬರನ್ನು ಮಾತ್ರ ನಾನು ಕಳೆದದ್ದು ಕ್ಯಾಲಿಫೋರ್ನಿಯಾದ ಫ್ರೀಮಾಂಟಿನಲ್ಲಿ, ಮಗಳ ಮನೆಯಲ್ಲಿ. ಅಲ್ಲಿ ಹತ್ತನೆಯ ತರಗತಿಯಲ್ಲಿದ್ದ ನನ್ನ ಮೊಮ್ಮಗಳು ತನ್ನ ಕೋಣೆಯ ಗೋಡೆಯ ತುಂಬ ಸಣ್ಣ ಸಣ್ಣ ಚೀಟಿಗಳನ್ನು ಅಂಟಿಸಿ, ಅವುಗಳ ಜಾಗವನ್ನು ದಿನಕ್ಕೊಮ್ಮೆ ಬದಲಾಯಿಸುತ್ತಿದ್ದಳು. ಇಲ್ಲದ ಊರೊಂದರ ನಕ್ಷೆ ಬರೆದಿದ್ದಳು. ಅದರ ನದಿಗೆ ಮೂರು ಸಲ ಹೆಸರು ಬದಲಾಗಿತ್ತು.

“ಏನಮ್ಮ ಇದು?” ಎಂದೆ.

“ಕಾದಂಬರಿ, ತಾತ. ನವೆಂಬರ್ ಒಂದಕ್ಕೆ ಶುರು. ಅಲ್ಲಿವರೆಗೂ ಒಂದು ಸಾಲೂ ಬರೀಬಾರದು.”

ಬರೆಯಬಾರದೆಂಬ ನಿಯಮವುಳ್ಳ ಬರವಣಿಗೆಯ ಪಂದ್ಯವನ್ನು ನಾನು ಅಲ್ಲಿಯವರೆಗೆ ಕೇಳಿರಲಿಲ್ಲ. ಅಂದು ಹುಟ್ಟಿದ ಕುತೂಹಲದಿಂದ ಕೇಳಿ, ಓದಿ ತಿಳಿದುಕೊಂಡ ಸಂಗತಿಗಳನ್ನು ಇಲ್ಲಿ ದಾಖಲಿಸುತ್ತಿದ್ದೇನೆ.

ಅವಳು ಕಾಯುತ್ತಿದ್ದ ಆ ಪಂದ್ಯದ ಹೆಸರು ನ್ಯಾಷನಲ್ ನಾವೆಲ್ ರೈಟಿಂಗ್ ಮಂತ್, ಚಿಕ್ಕದಾಗಿ ನ್ಯಾನೊರೈಮೊ. 1999ರ ಜುಲೈನಲ್ಲಿ ಸ್ಯಾನ್ ಫ್ರಾನ್ಸಿಸ್ಕೊ ಕೊಲ್ಲಿ ಪ್ರದೇಶದ ಕ್ರಿಸ್ ಬಾಟಿ ಎಂಬ ತರುಣ ಬರಹಗಾರ ತನ್ನ ಗೆಳೆಯರನ್ನು ಕೂಡಿಸಿಕೊಂಡು ಇದನ್ನು ಆರಂಭಿಸಿದ. ಒಟ್ಟು 21 ಜನ. ಒಂದು ತಿಂಗಳಲ್ಲಿ 50,000 ಪದಗಳ ಕಾದಂಬರಿ ಬರೆಯುವುದು ಒಪ್ಪಂದ. ಈ ಅಂಕಿಯ ಹಿಂದೆ ಸಾಹಿತ್ಯ ಮೀಮಾಂಸೆಯೇನೂ ಇಲ್ಲ. ಬಾಟಿ ತನ್ನ ಕಪಾಟಿನಲ್ಲಿದ್ದ ತೆಳ್ಳನೆಯ ಕಾದಂಬರಿಯೊಂದನ್ನು ತೆಗೆದು ಪದಗಳನ್ನು ಅಂದಾಜು ಮಾಡಿದ. ಅದು ಆಲ್ಡಸ್ ಹಕ್ಸ್‌ಲಿಯ ‘ಬ್ರೇವ್ ನ್ಯೂ ವರ್ಲ್ಡ್’ ಆಗಿತ್ತು. ಮರುವರ್ಷ ಪಂದ್ಯವನ್ನು ನವೆಂಬರಿಗೆ ವರ್ಗಾಯಿಸಿದ. ಕಾರಣ, ಆ ತಿಂಗಳ ಕೆಟ್ಟ ಹವೆಯಲ್ಲಿ ಯಾರೂ ಹೊರಗೆ ಹೋಗಬಯಸುವುದಿಲ್ಲ! 2000ದಲ್ಲಿ ಸೇರಿದವರು 140 ಮಂದಿ. ಮೂರನೆಯ ವರ್ಷ ಹೆಚ್ಚೆಂದರೆ ನೂರೈವತ್ತು ಜನ ಬಂದಾರೆಂದು ಕಾದಿದ್ದವನ ಮುಂದೆ ಐದು ಸಾವಿರ ಜನ ಬಂದು ನಿಂತರು. ನಾನು ಅಲ್ಲಿದ್ದ 2010ರ ಹೊತ್ತಿಗೆ ಅದು ಎರಡು ಲಕ್ಷ ಮುಟ್ಟಿತ್ತು.

ಗೆದ್ದವರಿಗೆ ಹಣವಿಲ್ಲ, ಪ್ರಕಟಣೆಯ ಭರವಸೆಯಿಲ್ಲ. ಒಂದು ಪ್ರಮಾಣಪತ್ರ, ಅಷ್ಟೇ. ಕೃತಿ ಹೇಗಿದೆಯೆಂದು ಓದಿ ನೋಡುವವರೂ ಇಲ್ಲ. ಪದಗಳ ಎಣಿಕೆ ಸರಿಯಿದ್ದರೆ ಸಾಕು. ಅಂಕ ಹಾಕಿ ಹಾಕಿ ಬೆರಳು ಸವೆದ ನನಗೆ ಇದು ಮೊದಲಿಗೆ ಹಾಸ್ಯಾಸ್ಪದವೆನಿಸಿತು. ಸಾರಾ ಗ್ರೂಯನ್ ಅವರ ‘ವಾಟರ್ ಫಾರ್ ಎಲಿಫೆಂಟ್ಸ್’, ಎರಿನ್ ಮಾರ್ಗನ್‌ಸ್ಟರ್ನ್ ಅವರ ‘ದ ನೈಟ್ ಸರ್ಕಸ್’ ಕಾದಂಬರಿಗಳ ಮೊದಲ ಕರಡುಗಳು ಇಂಥ ನವೆಂಬರುಗಳಲ್ಲೇ ಹುಟ್ಟಿದವೆಂದು ತಿಳಿದ ಮೇಲೆ ನಗುವುದನ್ನು ನಿಲ್ಲಿಸಿದೆ.

ಆದರೆ ನನ್ನ ಆಸಕ್ತಿ ನವೆಂಬರಿನದಲ್ಲ, ಅಕ್ಟೋಬರಿನದು. ಟಿಪ್ಪಣಿ ಮಾಡಬಹುದು, ಪಾತ್ರಗಳ ಜಾತಕ ಬರೆಯಬಹುದು, ಕಥೆಯ ಹಂದರ ಹಾಕಬಹುದು. ಕಥೆಯ ಗದ್ಯವನ್ನು ಮಾತ್ರ ಮುಟ್ಟಕೂಡದು. ಈ ನಿಯಮದಿಂದಾಗಿ ಕಾಯುವುದೇ ಒಂದು ಉದ್ಯೋಗವಾಯಿತು. ಕಾಯುವವರಲ್ಲಿ ಎರಡು ಪಂಗಡಗಳು ಹುಟ್ಟಿದವು. ಮೊದಲೇ ಕಥೆಯನ್ನು ಹೆಣೆದುಕೊಳ್ಳುವವರು ‘ಪ್ಲಾಟರ್’ಗಳು. ಬರೆಯುತ್ತ ಹೋದಂತೆ ಕಥೆ ತಾನೇ ಬರುತ್ತದೆಂದು ನಂಬಿದವರು ‘ಪ್ಯಾಂಟ್ಸರ್’ಗಳು, ಉಪಕರಣಗಳ ನೆರವಿಲ್ಲದೆ ಕೂತ ಅಂದಾಜಿನ ಮೇಲೆ ವಿಮಾನ ಹಾರಿಸುವುದಕ್ಕೆ ಇಂಗ್ಲಿಷಿನಲ್ಲಿರುವ ಹಳೆಯ ನುಡಿಗಟ್ಟಿನಿಂದ ಬಂದ ಹೆಸರು ಅದು. ರ‍್ಯಾಂಡಿ ಇಂಗರ್‌ಮನ್‌ಸನ್ ಎಂಬ ಭೌತವಿಜ್ಞಾನಿ-ಕಾದಂಬರಿಕಾರರ ‘ಸ್ನೋಫ್ಲೇಕ್’ ವಿಧಾನವನ್ನು ಮೊಮ್ಮಗಳು ಅನುಸರಿಸುತ್ತಿದ್ದಳು. ಇಡೀ ಕಥೆಯನ್ನು ಮೊದಲು ಒಂದೇ ವಾಕ್ಯದಲ್ಲಿ ಹೇಳುವುದು, ಆ ವಾಕ್ಯವನ್ನು ಒಂದು ಪ್ಯಾರಾ ಮಾಡುವುದು, ಪ್ಯಾರಾವನ್ನು ಪುಟವಾಗಿ ಬೆಳೆಸುವುದು. ನಾವು ಗಾದೆಮಾತಿನ ವಿಸ್ತರಣೆಯನ್ನು ಕಲಿಸುತ್ತಿದ್ದ ಕ್ರಮಕ್ಕಿಂತ ಇದೇನೂ ದೂರವಲ್ಲ.

ಗಡುವಿಟ್ಟು ಕಥೆ ಬರೆಯುವುದು ಬಾಟಿಯಿಂದ ಶುರುವಾದದ್ದಲ್ಲ. ಕೆನಡಾದ ವ್ಯಾಂಕೂವರಿನಲ್ಲಿ 1977ರಲ್ಲೇ ಮೂರು ದಿನಗಳ ಕಾದಂಬರಿ ಸ್ಪರ್ಧೆ ಆರಂಭವಾಗಿತ್ತು. ಅಲ್ಲಿಯೂ ಹಂದರವನ್ನು ಮೊದಲೇ ಹಾಕಿಕೊಳ್ಳಬಹುದು, ಬರೆಯುವಂತಿಲ್ಲ. ಇನ್ನೂ ಹಿಂದೆ ಹೋದರೆ 1816ರ ಜೂನ್. ಹಿಂದಿನ ವರ್ಷ ತಂಬೋರಾ ಜ್ವಾಲಾಮುಖಿ ಸಿಡಿದ ಪರಿಣಾಮವಾಗಿ ಯುರೋಪಿಗೆ ಆ ವರ್ಷ ಬೇಸಿಗೆಯೇ ಬರಲಿಲ್ಲ. ಜಿನೀವಾ ಸರೋವರದ ದಡದ ಮನೆಯಲ್ಲಿ ಮಳೆಗೆ ಸಿಕ್ಕಿಬಿದ್ದ ಕವಿ ಬೈರನ್, ಎಲ್ಲರೂ ಒಂದೊಂದು ದೆವ್ವದ ಕಥೆ ಬರೆಯೋಣವೆಂದು ಪಂಥ ಹಾಕಿದ. ಬೈರನ್ನನೂ ಶೆಲ್ಲಿಯೂ ಸ್ವಲ್ಪ ಬರೆದು ಕೈಬಿಟ್ಟರು. ಹದಿನೆಂಟರ ಹರೆಯದ ಮೇರಿಗೆ ಮಾತ್ರ ಕಥೆಯೇ ಹೊಳೆಯಲಿಲ್ಲ. ದಿನವೂ ಬೆಳಗ್ಗೆ ಕಥೆ ಸಿಕ್ಕಿತೇ ಎಂದು ಕೇಳುತ್ತಿದ್ದರು. ದಿನವೂ ಇಲ್ಲವೆನ್ನಬೇಕಾದ ಅವಮಾನವನ್ನು ಆಕೆ 1831ರ ಮುನ್ನುಡಿಯಲ್ಲಿ ನೆನೆದಿದ್ದಾಳೆ. ಹಾಗೆ ಕಾದು ಕಾದು ಬಂದದ್ದು ‘ಫ್ರಾಂಕೆನ್‌ಸ್ಟೈನ್’. ಪಂದ್ಯಕ್ಕೆ ಕೆಟ್ಟ ಹವೆಯೇ ಬೇಕೆಂದ ಬಾಟಿಯ ತರ್ಕದಲ್ಲಿ ಹುರುಳಿತ್ತು ಎನ್ನೋಣವೇ?

ದಾಸ್ತೋವ್‌ಸ್ಕಿಯ ಕಥೆ ಇದಕ್ಕೆ ತಿರುವುಮುರುವು. 1866ರ ನವೆಂಬರ್ 1ರೊಳಗೆ ಹೊಸ ಕಾದಂಬರಿ ಒಪ್ಪಿಸದಿದ್ದರೆ ಅವನ ಕೃತಿಗಳನ್ನೆಲ್ಲ ಒಂಬತ್ತು ವರ್ಷ ಬಿಟ್ಟಿಯಾಗಿ ಅಚ್ಚುಹಾಕುವ ಹಕ್ಕು ಪ್ರಕಾಶಕ ಸ್ಟೆಲ್ಲೋವ್‌ಸ್ಕಿಯ ಪಾಲಾಗುತ್ತಿತ್ತು. ‘ಅಪರಾಧ ಮತ್ತು ಶಿಕ್ಷೆ’ಯಲ್ಲಿ ಮುಳುಗಿದ್ದವನು ಅಕ್ಟೋಬರ್ ಬರುವವರೆಗೂ ಒಂದಕ್ಷರ ಬರೆದಿರಲಿಲ್ಲ. ಕೊನೆಗೆ ಆನ್ನಾ ಎಂಬ ಶೀಘ್ರಲಿಪಿಗಾರ್ತಿಗೆ ಹೇಳಿ ಬರೆಸಿ, 26 ದಿನಗಳಲ್ಲಿ ‘ಜೂಜುಕೋರ’ನನ್ನು ಮುಗಿಸಿದ. ಮುಂದಿನ ವರ್ಷ ಅವಳನ್ನೇ ಮದುವೆಯಾದ. ನವೆಂಬರ್ ಒಂದು ಅವನಿಗೆ ಕೊನೆಯ ದಿನ, ನನ್ನ ಮೊಮ್ಮಗಳಿಗೆ ಮೊದಲ ದಿನ. ಕನ್ನಡಿಗರಾದ ನಮಗಂತೂ 1956ರಿಂದ ಆ ದಿನದ ಅರ್ಥವೇ ಬೇರೆ.

ಈಗ ನನ್ನ ಸಂಗತಿ. ಹೇಮಾವತಿಗೆ ಗೊರೂರಿನಲ್ಲಿ ಕಟ್ಟಿದ ಅಣೆಕಟ್ಟು 1979ರಲ್ಲಿ ಪೂರ್ಣಗೊಂಡಿತು. ಮುಳುಗಿದ ಹಳ್ಳಿಗಳಲ್ಲಿ ನನ್ನ ತಾಯಿಯ ತವರೂ ಒಂದು. ಶೆಟ್ಟಿಹಳ್ಳಿಯ ಚರ್ಚು ಎತ್ತರವಾಗಿದ್ದ ಕಾರಣ ಮಳೆಗಾಲದಲ್ಲೂ ತಲೆ ಕಾಣುತ್ತದೆ, ಜನ ಹೋಗಿ ಚಿತ್ರ ತೆಗೆಯುತ್ತಾರೆ. ಅಜ್ಜಿಯ ಮನೆಯ ಹಟ್ಟಿಗೂ ಹಲಸಿನ ಮರಕ್ಕೂ ಆ ಭಾಗ್ಯವಿಲ್ಲ. ಈ ಊರಿನ ಕಾದಂಬರಿಯೊಂದನ್ನು ಬರೆಯಬೇಕೆಂದು 1981ರಲ್ಲಿ ರೂಲು ಹಾಕಿದ ನೋಟುಪುಸ್ತಕವೊಂದನ್ನು ಕೊಂಡಿದ್ದೆ. ಯಾರ ಹೊಲ ಎಲ್ಲಿತ್ತು, ಪರಿಹಾರದ ಹಣ ಯಾರ ಕೈಯಲ್ಲಿ ಹೇಗೆ ಕರಗಿತು, ದೇವರನ್ನು ಎತ್ತಿ ಗಾಡಿಯಲ್ಲಿಟ್ಟ ದಿನ ಮುದುಕಿಯರು ಏನೆಂದರು, ಎಲ್ಲವೂ ಅದರಲ್ಲಿದೆ. ಅಮ್ಮನನ್ನು ಕೇಳಿ ಕೇಳಿ ಬರೆದುಕೊಂಡದ್ದು. ಮಕ್ಕಳ ಓದು ಮುಗಿಯಲಿ, ನಿವೃತ್ತಿಯಾಗಲಿ, ಕಣ್ಣಿನ ಪೊರೆಯ ಆಪರೇಷನ್ ಆಗಲಿ ಎಂದು ಮುಂದೂಡುತ್ತ ಬಂದೆ. ಅಮ್ಮ 1998ರಲ್ಲಿ ತೀರಿಕೊಂಡರು. ಅವರು ಬದುಕಿದ್ದಷ್ಟು ದಿನವೂ ವರ್ಷಕ್ಕೊಮ್ಮೆ, “ಬರೆದೆಯೇನೋ?” ಎಂದು ಕೇಳುತ್ತಿದ್ದರು. ಮೇರಿಯ ಮುನ್ನುಡಿಯನ್ನು ಓದುವಾಗ ನನಗೆ ಕೇಳಿಸಿದ್ದು ಆ ದನಿ.

ಇದನ್ನೆಲ್ಲ ಮೊಮ್ಮಗಳಿಗೆ ಹೇಳಿದಾಗ ಅವಳು ಕೇಳಿದಳು: “ಹಾಗಾದ್ರೆ ಯಾಕೆ ಬರೀಲಿಲ್ಲ ತಾತ? ಯಾರಾದ್ರೂ ಬೇಡ ಅಂದ್ರಾ?”

ಯಾರೂ ಬೇಡವೆಂದಿರಲಿಲ್ಲ. ಅವಳಿಗೆ ಬರೆಯಬೇಡವೆನ್ನುವ ಒಂದು ತಾರೀಖಿತ್ತು, ನನಗಿರಲಿಲ್ಲ. ಮೂವತ್ತೊಂದು ದಿನ ತಡೆಹಿಡಿದದ್ದಕ್ಕೇ ಅವಳ ಕೈ ತುರಿಸುತ್ತಿತ್ತು. ನಾನು ಇಪ್ಪತ್ತೊಂಬತ್ತು ವರ್ಷ ನೆಮ್ಮದಿಯಾಗಿ ಊಟಮಾಡಿ ಮಲಗಿದ್ದೆ.

ಅಕ್ಟೋಬರ್ 31 ಅಲ್ಲಿ ಹ್ಯಾಲೋವೀನ್. ಸಂಜೆಯೆಲ್ಲ ದೆವ್ವಗಳ ವೇಷ ತೊಟ್ಟ ಮಕ್ಕಳು ಬಾಗಿಲು ತಟ್ಟಿ ಮಿಠಾಯಿ ಪಡೆದು ಹೋದರು. ಅಂಥ ರಾತ್ರಿ ಊರೂರುಗಳಲ್ಲಿ ಪಂದ್ಯದವರು ಹೋಟೆಲು, ಕಾಫಿ ಅಂಗಡಿಗಳಲ್ಲಿ ಗುಂಪು ಸೇರಿ ಹನ್ನೆರಡರ ಗಂಟೆಗೆ ಕಾಯುತ್ತಿದ್ದರಂತೆ. ಮೊಮ್ಮಗಳಿಗೆ ಮರುದಿನ ಶಾಲೆ. ಹನ್ನೆರಡೂವರೆಯವರೆಗೆ ಮಾತ್ರ ಎಂದು ಮಗಳು ಕಟ್ಟುನಿಟ್ಟು ಮಾಡಿದ್ದಳು. ಊಟದ ಮೇಜಿನ ಒಂದು ತುದಿಗೆ ಅವಳು ಲ್ಯಾಪ್‌ಟಾಪಿನೊಂದಿಗೆ, ಇನ್ನೊಂದು ತುದಿಗೆ ನಾನು ಹೊಸ ನೋಟುಪುಸ್ತಕದೊಂದಿಗೆ. ಹಳೆಯದು ಹಾಸನದ ಮನೆಯ ಬೀರುವಿನಲ್ಲಿತ್ತು, ಅದೂ ಒಳ್ಳೆಯದೇ ಆಯಿತು. ಅರ್ಧ ಗಂಟೆಯಲ್ಲಿ ಅವಳು ಏಳುನೂರು ಪದ ಬರೆದಳು, ನಾನು ತೊಂಬತ್ತು.

ದಿನಕ್ಕೆ 1,667 ಪದ ಬರೆದರೆ ಮೂವತ್ತು ದಿನಕ್ಕೆ ಲೆಕ್ಕ ಸರಿಹೋಗುತ್ತದೆ. ಅವಳು ಗೆದ್ದಳು. ನನ್ನದು ನವೆಂಬರ್ ಕೊನೆಗೆ ಹನ್ನೊಂದು ಸಾವಿರಕ್ಕೆ ನಿಂತಿತು. ಇಂಗ್ಲಿಷಿನಲ್ಲಿ ನಾಲ್ಕೈದು ಪದ ಬೇಡುವುದನ್ನು ಕನ್ನಡ ‘ಬರೆಯಬೇಕಾಗಿತ್ತೆಂದು’ ಎಂದು ಒಂದೇ ಪದದಲ್ಲಿ ಮುಗಿಸುತ್ತದೆ, ಆದ್ದರಿಂದ ಎಣಿಕೆಯಲ್ಲಿ ನಮಗೆ ಅನ್ಯಾಯವೆಂದು ವಾದಿಸಿ ನೋಡಿದೆ. ವ್ಯಾಕರಣ ಸರಿಯಿದ್ದರೂ ವಾದ ನಿಲ್ಲಲಿಲ್ಲ. ಊರಿಗೆ ಮರಳಿದ ಮೇಲೆ ನೋಟುಪುಸ್ತಕ ಮತ್ತೆ ಬೀರು ಸೇರಿತು, ಹಳೆಯದರ ಪಕ್ಕಕ್ಕೆ.

2025ರ ಮಾರ್ಚ್ 31ರಂದು ನ್ಯಾನೊರೈಮೊ ಸಂಸ್ಥೆ ತಾನು ಮುಚ್ಚುತ್ತಿರುವುದಾಗಿ ಪ್ರಕಟಿಸಿತು. ಹಣದ ಮುಗ್ಗಟ್ಟು ಬಹಳ ಕಾಲದ್ದು. ಅದರ ಜೊತೆಗೆ ಎಳೆಯರ ಸುರಕ್ಷತೆಯ ವಿಷಯದಲ್ಲಿ 2023ರಲ್ಲಿ ಎದ್ದ ಆಕ್ಷೇಪಗಳು, ಯಂತ್ರಬುದ್ಧಿಯಿಂದ ಬರೆಸುವುದನ್ನು ಖಂಡಿಸಲೊಲ್ಲದ 2024ರ ನಿಲುವು ಸೇರಿ ಅನೇಕ ಬರಹಗಾರರು ದೂರವಾಗಿದ್ದರು. ಆ ಕೊನೆಯ ವಿವಾದದಲ್ಲಿ ನನ್ನ ಸಹಾನುಭೂತಿ ಬಿಟ್ಟುಹೋದವರ ಕಡೆಗೇ. ಬರೆಯುವ ಕಷ್ಟವನ್ನು ತೆಗೆದರೆ ಆ ಪಂದ್ಯದಲ್ಲಿ ಉಳಿಯುವುದಾದರೂ ಏನು?

ಆ ಅಕ್ಟೋಬರಿನಲ್ಲಿ ಮೊಮ್ಮಗಳು ಫೋನು ಮಾಡಿದಳು. ಈಗ ಅವಳಿಗೆ ನೌಕರಿಯಿದೆ, ಗೋಡೆಯ ಮೇಲೆ ಚೀಟಿಗಳೂ ಇವೆ. “ಅವರಿಲ್ಲದಿದ್ರೇನು ತಾತ, ತಾರೀಖು ಇದ್ಯಲ್ಲ. ನೀವೂ ಕೂತ್ಕೊಳ್ಳಿ. ನಿಮಗೇ ಮೊದಲು ಹನ್ನೆರಡಾಗೋದು” ಎಂದಳು. ನಮ್ಮ ಗಡಿಯಾರ ಆಗ ಅವರಿಗಿಂತ ಹನ್ನೆರಡೂವರೆ ಗಂಟೆ ಮುಂದು. ಎರಡು ನೋಟುಪುಸ್ತಕಗಳನ್ನೂ ಬೀರುವಿನಿಂದ ತೆಗೆದು ಬಿಸಿಲಿಗೆ ಹಾಕಿದೆ. ಅಕ್ಟೋಬರ್ ಪೂರ್ತಿ ಅಮ್ಮನ ಮಾತುಗಳನ್ನು ಓದಿದೆ, ಒಂದು ಸಾಲನ್ನೂ ಬರೆಯಲಿಲ್ಲ. ನಿಯಮವೆಂದರೆ ನಿಯಮ.

31ರ ರಾತ್ರಿ ಪಕ್ಕದ ಬೀದಿಯಲ್ಲಿ ಹುಡುಗರು ರಾಜ್ಯೋತ್ಸವಕ್ಕೆ ಕೆಂಪು-ಹಳದಿ ಬಂಟಿಂಗ್ ಕಟ್ಟುತ್ತಿದ್ದರು. ಹನ್ನೆರಡಾದಾಗ ಅವಳಿಗಿನ್ನೂ ಹಿಂದಿನ ದಿನದ ಬೆಳಗ್ಗೆ ಹನ್ನೊಂದೂವರೆ; ಆಫೀಸಿನಲ್ಲಿದ್ದಳು. “ಶುರು ಮಾಡಿದೆ” ಎಂದು ಸಂದೇಶ ಕಳಿಸಿ, ದೇವರನ್ನು ಗಾಡಿಗೆ ಎತ್ತಿದ ದಿನದಿಂದ ಬರೆಯತೊಡಗಿದೆ.