ತೂಕ ನೋಡುವ ಸೀಟು

ಹೋದ ಸುಗ್ಗಿಯಾಗ ನನ್ನ ತಂಗಿಯ ಮಗ ಕಾರು ತಗೊಂಡು ದಾಳಿಂಬಕ್ಕ ಬಂದಿದ್ದ. ಉಮರ್ಗಾದಾಗ ಭಜನಿ ಇತ್ತು. ಹಾರ್ಮೋನಿಯಂ ಹಿಡಕೊಂಡು ನಾನು ಹಿಂದ ಕೂತೆ, ತಂಗಿಗೆ ಕೊಡೋ ಅರ್ಧ ಚೀಲ ತೊಗರಿ ಮುಂದಿನ ಸೀಟಿನ ಮ್ಯಾಲ ಇಟ್ಟೆವು. ಸೋಲಾಪುರ–ಹೈದರಾಬಾದ ಹೆದ್ದಾರಿ ಹತ್ತಿದ್ದೇ ತಡ, ಗಾಡಿ ಒಂದೇ ಸವನೆ ಒದರಲಿಕ್ಕೆ ಶುರು ಮಾಡಿತು. “ಮಾಮಾ, ತೊಗರಿ ಬೆಲ್ಟ್ ಹಾಕ್ಕೊಂಡಿಲ್ಲ ಅಂತದ” ಅಂದ ಅಳಿಯ. ಚೀಲಕ್ಕ ಬೆಲ್ಟ್ ಹಾಕಿದ ಮ್ಯಾಲೇ ಸುಮ್ಮನಾಯಿತು.

ನಕ್ಕೆವು. ಆದರ ನನಗ ಒಂದು ಪ್ರಶ್ನೆ ಉಳೀತು. ಸೀಟಿಗೆ ತೂಕ ಗೊತ್ತಾಗತದ. ಆ ತೂಕ ಯಾರದು ಅನ್ನೋದು ಗೊತ್ತಾಗತದೇನು? ಅಳಿಯನಿಗೆ, ನಮ್ಮ ಸಾಲಿ ಮಾಸ್ತರರಿಗೆ ಕೇಳಿ ಕೇಳಿ ತಿಳಕೊಂಡದ್ದನ್ನು ಬರೀತೀನಿ.

ವಾಹನದಾಗ ತೂಕ ನೋಡೋದು ನಮಗೇನು ಹೊಸದಲ್ಲ. ಎತ್ತಿನ ಗಾಡಿ ಮುಂಭಾರ ಆದರ ಎತ್ತಿನ ಹೆಗಲು ಹುಣ್ಣಾಗತಿತ್ತು. ಹಿಂಭಾರ ಆದರ ನೊಗ ಮ್ಯಾಲೆದ್ದು ಕೊರಳು ಬಿಗೀತಿತ್ತು. “ಒಂದೀಟ ಮುಂದ ಸರಿ, ಒಂದೀಟ ಹಿಂದ ಸರಿ” ಅಂತ ನಮ್ಮಪ್ಪ ಕೂತ ಮಂದೀನ ಸರಿಸ್ತಿದ್ದ. ಆಗ ಕಾಯಬೇಕಾದದ್ದು ಎತ್ತಿನ ಜೀವ. ಈಗಿನ ಮಾತು ಮಕ್ಕಳ ಜೀವದ್ದು.

ಏರ್‌ಬ್ಯಾಗ್ ಅನ್ನೋ ಗಾಳಿಚೀಲದ ಕಥಿ ಶುರುವಾದದ್ದು 1952ರಾಗ, ಅಮೆರಿಕಾದಾಗ. ಜಾನ್ ಹೆಟ್ರಿಕ್ ಅನ್ನೋ ನೌಕಾಪಡೆಯ ಮಾಜಿ ಇಂಜಿನಿಯರ್ ಹೆಂಡತಿ ಮಗಳನ್ನ ಕರಕೊಂಡು ಕಾರಿನಾಗ ಹೊರಟಿದ್ದ. ದಾರಿಗೆ ಕಲ್ಲು ಅಡ್ಡ ಬಂದು ಗಾಡಿ ಕಾಲುವೆಗೆ ಇಳೀತು. ಗಂಡ ಹೆಂಡತಿ ಇಬ್ಬರೂ ಮಗಳ ಮುಂದ ಕೈ ಅಡ್ಡ ಹಿಡಿದರು. ನಮ್ಮ ಹೆಣ್ಣುಮಕ್ಕಳೂ ಟಂಟಂದವ ಬ್ರೇಕ್ ಹಾಕಿದಾಗ ಹಿಂಗೇ ಕೈ ಹಿಡೀತಾರ. ಆ ಕೈಯ ಬದಲಿ ಗಾಳಿಚೀಲ ಇದ್ದರ ಹೆಂಗ ಅಂತ ಹೆಟ್ರಿಕ್ ವಿಚಾರ ಮಾಡಿದ; 1953ರಾಗ ಅವನಿಗೆ ಪೇಟೆಂಟ್ ಸಿಕ್ಕಿತು. ಮಾರಾಟದ ಕಾರಿನಾಗ ಬರೋಹೊತ್ತಿಗೆ ಇಪ್ಪತ್ತು ವರ್ಷ ಹೋದವು.

ಈ ಚೀಲ ಮೆತ್ತಗಿನ ದಿಂಬು ಅಂತ ತಿಳಿಯಬ್ಯಾಡ್ರಿ. ಡಿಕ್ಕಿ ಆದಕೂಡಲೆ ಒಳಗಿನ ಮದ್ದು ಹೊತ್ತಿ, ಸೆಕೆಂಡಿನ ನೂರರಲ್ಲಿ ಮೂರು ಪಾಲಿನ ಹೊತ್ತಿನ್ಯಾಗ ಉಬ್ಬಿ ನಿಲ್ಲತದ. ಹಂಗ ಬೇಗ ಉಬ್ಬದಿದ್ದರ ಉಪಯೋಗಿಲ್ಲ. ಬೆಳೆದವರ ಎದಿಗೆ ಬಡಿಯೋ ಆ ಚೀಲ ಕೂಸಿಗೆ ತಲಿ, ಕುತ್ತಿಗಿಗೇ ಬಡೀತದ. 1990ರ ದಶಕದಾಗ ಅಮೆರಿಕಾದಾಗ ನೂರರ ಹತ್ತಿರ ಮಕ್ಕಳು ಹಿಂಗೇ ಸತ್ತರು, ಅದೂ ಎಷ್ಟೋ ಸಲ ಸಣ್ಣ ಡಿಕ್ಕಿಯೊಳಗ. ಕಾಯೋಕಂತ ಇಟ್ಟದ್ದೇ ಕೊಂದಿತು.

ಆಗ ಅಲ್ಲಿಯ ಸರಕಾರ 2000ದಾಗ ಹೊಸ ನಿಯಮ ಮಾಡಿತು: ಮುಂದಿನ ಸೀಟಿನಾಗ ಸಣ್ಣ ಮಗು ಇದ್ದರ ಚೀಲ ತಾನೇ ಸುಮ್ಮನಿರಬೇಕು ಇಲ್ಲಾ ಮೆಲ್ಲಗ ಉಬ್ಬಬೇಕು, ದೊಡ್ಡವರಿದ್ದರ ಸಿದ್ಧ ಇರಬೇಕು. ಪರೀಕ್ಷಾಕ್ಕ ಬೊಂಬಿ ಮಾಡಿದರು. ಆರು ವರ್ಷದ ಮಗುವಿನ ಬೊಂಬಿ ಸುಮಾರು 23 ಕಿಲೋ, ಸಣ್ಣ ಮೈಯ ಹೆಂಗಸಿನ ಬೊಂಬಿ ಸುಮಾರು 49 ಕಿಲೋ. ಇವೆರಡರ ನಡುವಿನ ಫರಕು ಸೀಟಿಗೆ ತಿಳೀಬೇಕು. ಕೆಲವರು ಸೀಟಿನ ಕೆಳಗ ದ್ರವ ತುಂಬಿದ ಚೀಲ ಇಟ್ಟು ಅದರ ಒತ್ತಡ ಅಳೆದರು. ಕೆಲವರು ಸೀಟಿನ ಕಾಲಿಗೇ ಅಳತಿ ಕೂಡಿಸಿದರು: ಭಾರ ಬಿದ್ದರ ಕಬ್ಬಿಣ ಕಣ್ಣಿಗೆ ಕಾಣದಷ್ಟು ಬಾಗತದ, ಅದರ ಮ್ಯಾಲ ಅಂಟಿಸಿದ ತಂತಿಯೊಳಗ ಕರೆಂಟಿನ ಹರಿವು ಬದಲಾಗತದ. ಈಗ ಬಜಾರದಾಗಿನ ಎಲೆಕ್ಟ್ರಾನಿಕ್ ಕಾಟಾನೂ ಹಿಂಗೇ ತೂಗತದ. ಒಂದು ಮೋಸ ಮಾತ್ರ ಉಳೀತು. ಮಗುವಿನ ಸೀಟಿಗೆ ಬೆಲ್ಟ್ ಬಿಗಿಯಾಗಿ ಎಳೆದರ ಮಗು ಇದ್ದದ್ದಕ್ಕಿಂತ ಭಾರ ಕಾಣತದ, ಅಡತ್ಯಾ ತಕ್ಕಡಿಗೆ ಬೆರಳು ಒತ್ತಿದಂಗ. ಅದಕ್ಕ ಬೆಲ್ಟಿನ ಬಿಗಿ ಅಳೆಯೋ ಉಪಕರಣನೂ ಕೂಡಿಸಬೇಕಾಯಿತು.

ನಮ್ಮ ದೇಶದಾಗ 2019ರ ಜುಲೈ 1ರಿಂದ ಚಾಲಕನ ಏರ್‌ಬ್ಯಾಗು, ಮುಂದಿನ ಎರಡೂ ಸೀಟಿಗೆ ಬೆಲ್ಟ್ ನೆನಪಿಸೋ ಗಂಟಿ ಕಡ್ಡಾಯ ಆದವು. 2021ರಾಗ ಮುಂದಿನ ಪ್ರಯಾಣಿಕನ ಏರ್‌ಬ್ಯಾಗೂ ಬಂತು. ಇಲ್ಲೇ ನಾವು ಮೋಸ ಹೋಗೋದು. ನಮ್ಮ ತೊಗರಿಗೆ ಒದರಿದ್ದು ಆ ಗಂಟಿ ಅಷ್ಟೆ. “ಏನೋ ಭಾರ ಅದ” ಅನ್ನೋದಷ್ಟೇ ಅದಕ್ಕ ತಿಳೀತದ. ಕೂಸು ಅಂತ ತಿಳಿದು ಚೀಲ ತಡೆಯೋದಿಲ್ಲ. ಕೆಲವು ಗಾಡಿಯೊಳಗ ಕೀಲಿ ತಿರುವಿ ಆ ಚೀಲ ಬಂದ್ ಮಾಡಬಹುದು, ಕೆಲವದರಾಗ ಅದೂ ಇಲ್ಲ.

ಇನ್ನ ತೂಗೋ ಸೀಟು ಇದ್ದರೂ ತಾಯಿ ತೊಡಿ ಮ್ಯಾಲ ಕೂಸು ಕೂತರ ಏನಾಗತದ? ಸೀಟು ಇಬ್ಬರನ್ನೂ ಕೂಡಿಸಿ ತೂಗಿ, ದೊಡ್ಡವರೊಬ್ಬರು ಅದಾರ ಅನ್ನತದ. ಚೀಲ ಪೂರ್ತಿ ಉಬ್ಬತದ, ಮುಂದ ಇರೋದು ಕೂಸು. 2024ರಾಗ ಕೇರಳದ ಮಲಪ್ಪುರಂ ಜಿಲ್ಲಾದಾಗ ತಾಯಿ ತೊಡಿ ಮ್ಯಾಲಿದ್ದ ಎರಡು ವರ್ಷದ ಹೆಣ್ಣುಕೂಸು, ಅದೇ ವರ್ಷ ಡಿಸೆಂಬರದಾಗ ನಮ್ಮ ಮಹಾರಾಷ್ಟ್ರದ ವಾಶಿಯಾಗ ಮುಂದ ಕೂತಿದ್ದ ಆರು ವರ್ಷದ ಹುಡುಗ, ಇಬ್ಬರೂ ಏರ್‌ಬ್ಯಾಗ್ ಬಡಿದು ಹೋದರು. ತುಳಜಾಪುರಕ್ಕ, ಸೋಲಾಪುರದ ದವಾಖಾನಿಗೆ ಹೋಗೋವಾಗ ನಾವೂ ಹಿಂಗೇ ಕೂತೀವಿ. “ಕೂಸಿಗೆ ಗಾಳಿ ಬರತದ, ಮುಂದ ಕೂಡು” ಅಂತ ನಾನೇ ಹೇಳೀನಿ.

ಯುಗಾದಿಗೆ ಅಳಿಯ ಮತ್ತ ಬಂದ. ಅವನ ಹೆಂಡತಿ ಕೂಸು ಎತಗೊಂಡು ಮುಂದಿನ ಬಾಗಿಲಾ ತೆಗೆದಳು. “ಬ್ಯಾಡವ್ವ, ಹಿಂದ ಬಾ” ಅಂದೆ. ಕೂಸಿಗೆ ಅದರದೇ ಸಣ್ಣ ಸೀಟು ಹಿಂದಿನ ಸೀಟಿಗೆ ಕಟ್ಟಸ್ರಿ ಅಂತ ಅಳಿಯಗ ಹೇಳೀನಿ. ಉದಗೀರಕ್ಕ ಹೋದಾಗ ತರತೀನಿ ಅಂದಾನ. ಅಂದು ಮುಂದ ಕೂತದ್ದು ನನ್ನ ಹಾರ್ಮೋನಿಯಂ. ಗಾಡಿ ಒದರಿತು, ಅದಕ್ಕೂ ಬೆಲ್ಟ್ ಹಾಕಿದೆವು.